ಅಮೆರಿಕದಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಹೊರಟವರಿಗೆ: ಎಫ್‌ಓಐ ಓದುವ ಬಗೆ

ಅಮೆರಿಕದ ಸಿಎಫ್‌ಐ (ಹಾರಾಟ ಕಲಿಸುವ ಇನ್‌ಸ್ಟ್ರಕ್ಟರ್) ಸರ್ಟಿಫಿಕೇಟಿಗೆ ಎರಡು ಲಿಖಿತ ಪರೀಕ್ಷೆಗಳಿವೆ. ವಿಮಾನ ಹಾರಾಟದ ವಿಷಯಗಳ ಮೇಲಿನದ್ದು ಒಂದು: 100 ಪ್ರಶ್ನೆ, ಎರಡೂವರೆ ಗಂಟೆ. ಇನ್ನೊಂದು ‘ಫಂಡಮೆಂಟಲ್ಸ್ ಆಫ್ ಇನ್‌ಸ್ಟ್ರಕ್ಟಿಂಗ್’, ಎಲ್ಲರ ಬಾಯಲ್ಲಿ ಎಫ್‌ಓಐ: 50 ಪ್ರಶ್ನೆ, ಒಂದೂವರೆ ಗಂಟೆ. ಎರಡಕ್ಕೂ ಶೇ. 70 ಬಂದರೆ ಪಾಸು. ಎಫ್‌ಓಐ ಕೇಳುವುದು ಜನ ಹೇಗೆ ಕಲಿಯುತ್ತಾರೆ, ಹೇಗೆ ಕಲಿಸಬೇಕು ಎಂಬುದನ್ನು. ಎಸ್ಸೆಸ್ಸೆಲ್ಸಿಯಿಂದ ಸಿಇಟಿವರೆಗೆ ಹಳೆಯ ಪ್ರಶ್ನೆಪತ್ರಿಕೆ ಅರೆದು ಕುಡಿದು ಬಂದ ನಮ್ಮವರಿಗೆ ಇದು ಎರಡು ವಾರಾಂತ್ಯದ ಕೆಲಸ. ಪ್ರಶ್ನೆಬ್ಯಾಂಕ್ ಉರುಹೊಡೆದು 90ರ ಮೇಲೆ ತೆಗೆಯಬಹುದು. ಎಡವುವುದು ಚೆಕ್‌ರೈಡ್ ದಿನ, ಅಂದರೆ ಪರೀಕ್ಷಕರ ಎದುರು ಮೌಖಿಕ ಮತ್ತು ಹಾರಾಟದ ಪರೀಕ್ಷೆ ಕೊಡುವ ದಿನ. ಮೌಖಿಕ ಪರೀಕ್ಷೆಯ ಮೊದಲ ಭಾಗವೇ ಎಫ್‌ಓಐ, ಮತ್ತು ಪರೀಕ್ಷಕರಿಗೆ ಪಟ್ಟಿ ಬೇಕಿಲ್ಲ, ಆ ಪಟ್ಟಿ ಕಾಕ್‌ಪಿಟ್‌ನಲ್ಲಿ ಎಲ್ಲಿ ಕಾಣಿಸುತ್ತದೆ ಎಂಬುದು ಬೇಕು.

ಮೊದಲು ಅರ್ಹತೆ. 18 ವರ್ಷ ತುಂಬಿರಬೇಕು, ಇಂಗ್ಲಿಷ್ ಓದಿ, ಬರೆದು, ಮಾತಾಡಿ, ಅರ್ಥಮಾಡಿಕೊಳ್ಳಲು ಬರಬೇಕು. ವಿಮಾನದ ಕಮರ್ಷಿಯಲ್ ಅಥವಾ ಎಟಿಪಿ (ಏರ್‌ಲೈನ್ ಪೈಲಟ್) ಸರ್ಟಿಫಿಕೇಟ್ ಜೊತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿಯೇ ಹಾರುವ ಅರ್ಹತೆ) ಇರಬೇಕು. ನೀವು ಕಲಿಸಲಿರುವ ವರ್ಗದ ವಿಮಾನದಲ್ಲಿ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ 15 ಗಂಟೆ ಹಾರಿರಬೇಕು. ಸ್ಪಿನ್ (ವಿಮಾನ ಗಿರಗಿರ ಸುತ್ತುತ್ತಾ ಬೀಳುವುದು) ತರಬೇತಿಯ ಎಂಡೋರ್ಸ್‌ಮೆಂಟ್, ಅಂದರೆ ಇನ್‌ಸ್ಟ್ರಕ್ಟರ್ ಸಹಿ, ಲಾಗ್‌ಬುಕ್ಕಿನಲ್ಲಿ ಬಿದ್ದಿರಬೇಕು. ಬಲಗಡೆ ಸೀಟಿನಲ್ಲಿ ಕೂತು ಇಷ್ಟೇ ಗಂಟೆ ಹಾರಬೇಕೆಂಬ ಕನಿಷ್ಠ ಮಿತಿ ನಿಯಮದಲ್ಲಿಲ್ಲ. ನಿಮ್ಮ ಇನ್‌ಸ್ಟ್ರಕ್ಟರ್ ಸಹಿ ಹಾಕಲು ಒಪ್ಪಿದರೆ ಆಯಿತು. ಜಕ್ಕೂರಿನಲ್ಲೋ ಭಾರತದ ಬೇರೆಡೆಯಲ್ಲೋ ಕಲಿತು ಡಿಜಿಸಿಎ ಲೈಸೆನ್ಸ್ ಹಿಡಿದು ಬಂದವರು ಗಮನಿಸಿ: ಅದರ ಆಧಾರದ ಮೇಲೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಡುವುದು ಪ್ರೈವೇಟ್ ಸರ್ಟಿಫಿಕೇಟ್ ಮಾತ್ರ. ಹಾರಿದ ಗಂಟೆಗಳು ಲೆಕ್ಕಕ್ಕೆ ಬರುತ್ತವೆ, ಆದರೆ ಕಮರ್ಷಿಯಲ್ಲನ್ನು ಇಲ್ಲಿಯ ಪರೀಕ್ಷೆ ಬರೆದು, ಹಾರಿಯೇ ಗಳಿಸಬೇಕು. ಅಲ್ಲಿಯ ಇನ್‌ಸ್ಟ್ರಕ್ಟರ್ ರೇಟಿಂಗ್ ನೇರವಾಗಿ ಬದಲಾಗುವುದಿಲ್ಲ.

ಎಫ್‌ಓಐ ಬರೆಯಲು ಯಾರ ಸಹಿಯೂ ಬೇಕಿಲ್ಲ. ಎಫ್‌ಎಎಯ ಐಎಸಿಆರ್‌ಎ ಜಾಲತಾಣದಲ್ಲಿ ಎಫ್‌ಟಿಎನ್ ಎಂಬ ಗುರುತಿನ ಸಂಖ್ಯೆ ಪಡೆದು, ಪಿಎಸ್‌ಐ ಪರೀಕ್ಷಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಂಡರೆ ಸಾಕು. ಫಲಿತಾಂಶಕ್ಕೆ 24 ತಿಂಗಳ ಆಯುಸ್ಸು. ಅಷ್ಟರೊಳಗೆ ಚೆಕ್‌ರೈಡ್ ಮುಗಿಯದಿದ್ದರೆ ಮತ್ತೆ ಬರೆಯಬೇಕು. ಇದಕ್ಕೊಂದು ಒಳದಾರಿ ಇದೆ. ಎಫ್‌ಓಐ ಜೊತೆಗೆ ಅಡ್ವಾನ್ಸ್ಡ್ ಗ್ರೌಂಡ್ ಇನ್‌ಸ್ಟ್ರಕ್ಟರ್ ಲಿಖಿತ ಪರೀಕ್ಷೆಯನ್ನೂ ಪಾಸು ಮಾಡಿ ಎಫ್‌ಎಎ ಕಚೇರಿಯಿಂದ ಗ್ರೌಂಡ್ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಅದಕ್ಕೆ ಚೆಕ್‌ರೈಡ್ ಇಲ್ಲ, ಹಾರಿದ ಗಂಟೆಗಳ ಲೆಕ್ಕವೂ ಇಲ್ಲ. ಅದು ಕೈಲಿದ್ದರೆ ಎಫ್‌ಓಐ ಮತ್ತೆ ಬರೆಯುವ ಪ್ರಶ್ನೆಯೇ ಇಲ್ಲ. ಮಾನ್ಯತೆ ಪಡೆದ ಕಾಲೇಜಿನಲ್ಲಿ ಪಾಠ ಮಾಡುವವರಿಗೆ, ಏಳನೇ ತರಗತಿ ಅಥವಾ ಮೇಲಿನ ಮಕ್ಕಳಿಗೆ ಕಲಿಸಲು ರಾಜ್ಯದ ಪರವಾನಗಿ ಇರುವ ಶಿಕ್ಷಕರಿಗೆ ಈ ಪರೀಕ್ಷೆಯಿಂದ ವಿನಾಯಿತಿಯೂ ಇದೆ.

ಎಚ್-1ಬಿಯಲ್ಲಿರುವವರು ಹಾರಾಟ ಕಲಿಯಬಹುದು, ಸಿಎಫ್‌ಐ ಸರ್ಟಿಫಿಕೇಟನ್ನೂ ಪಡೆಯಬಹುದು. ಆದರೆ ವಾರಾಂತ್ಯದಲ್ಲಿ ಫ್ಲೈಟ್ ಸ್ಕೂಲಿನಿಂದ ದುಡ್ಡು ತೆಗೆದುಕೊಂಡು ಕಲಿಸಿದರೆ ಅದು ಅನುಮತಿಯಿಲ್ಲದ ದುಡಿಮೆ. ಸರ್ಟಿಫಿಕೇಟ್ ಕೊಡುವುದು ಎಫ್‌ಎಎ, ದುಡಿಯಲು ಬಿಡುವುದು ವಲಸೆ ಇಲಾಖೆ. ಒಂದರ ಹಸಿರು ನಿಶಾನೆ ಇನ್ನೊಂದಕ್ಕೆ ಸಲ್ಲದು. ವಲಸೆ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಪಠ್ಯ ಒಂದೇ: ಎಫ್‌ಎಎಯ ‘ಏವಿಯೇಷನ್ ಇನ್‌ಸ್ಟ್ರಕ್ಟರ್ಸ್ ಹ್ಯಾಂಡ್‌ಬುಕ್’. ಪುಕ್ಕಟೆಯಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅದರ ಬೆನ್ನೆಲುಬು ಕಲಿಕೆಯ ನಾಲ್ಕು ಹಂತಗಳು: ಬಾಯಿಪಾಠ, ಅರ್ಥವಾಗುವುದು, ಮಾಡಿ ತೋರಿಸುವುದು, ಒಂದನ್ನು ಇನ್ನೊಂದಕ್ಕೆ ಹೊಂದಿಸಿ ನೋಡುವುದು. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಂದರೆ ರೆಕ್ಕೆ ಕ್ರಿಟಿಕಲ್ ಆಂಗಲ್ ಆಫ್ ಅಟ್ಯಾಕ್ (ಗಾಳಿಗೆ ರೆಕ್ಕೆ ಎದುರಾಗುವ ಕೋನದ ಮಿತಿ) ದಾಟುವುದು ಎಂದು ಒಪ್ಪಿಸುವ ವಿದ್ಯಾರ್ಥಿ ಮೊದಲ ಹಂತದಲ್ಲಿದ್ದಾನೆ. ಯಾವ ವೇಗದಲ್ಲೂ ಸ್ಟಾಲ್ ಆಗಬಹುದು ಏಕೆ ಎಂದು ವಿವರಿಸುವವನು ಎರಡನೆಯದರಲ್ಲಿ. ಪ್ರಾಕ್ಟೀಸ್ ಏರಿಯಾದಲ್ಲಿ ಸ್ಟಾಲ್ ಮಾಡಿ ಸರಿಯಾಗಿ ಹೊರಬರುವವನು ಮೂರನೆಯದರಲ್ಲಿ. ಇಳಿಯಲು ಬರುತ್ತಾ ಬೇಸ್‌ನಿಂದ ಫೈನಲ್‌ಗೆ (ರನ್‌ವೇಗೆ ನೇರವಾದ ಕೊನೆಯ ದಾರಿಗೆ) ತಿರುಗುವಾಗ ರನ್‌ವೇಯ ನೇರ ದಾಟಿಹೋದದ್ದನ್ನು ಕಂಡು, ಜಾಸ್ತಿ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತಿ ಮೂಗು ಎಳೆಯದೆ ತಾನಾಗಿಯೇ ಗೋ-ಅರೌಂಡ್ ಮಾಡುವವನು (ಇಳಿಯದೆ ಮತ್ತೆ ಮೇಲೇರುವವನು) ನಾಲ್ಕನೆಯದರಲ್ಲಿ. ಚೆಕ್‌ರೈಡ್‌ನಲ್ಲಿ ನಿಮ್ಮನ್ನು ಅಳೆಯುವುದೂ ಈ ನಾಲ್ಕನೇ ಹಂತದಿಂದಲೇ. ಹಾಗಾಗಿ ಓದುವಾಗ ಪ್ರತಿ ಪರಿಭಾಷೆಯ ಎದುರಿಗೆ ಒಂದು ಮ್ಯಾನ್ಯೂವರ್ (ಹಾರಾಟದ ಕಸರತ್ತು) ಬರೆದಿಟ್ಟುಕೊಳ್ಳಿ. ಮ್ಯಾನ್ಯೂವರ್ ಹೊಳೆಯದಿದ್ದರೆ ಆ ಪದ ನಿಮಗಿನ್ನೂ ದಕ್ಕಿಲ್ಲ.

ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್‌ನ ಕಲಿಕೆಯ ನಿಯಮಗಳನ್ನೂ ಹೀಗೇ ಓದಬೇಕು. ಸಿದ್ಧತೆ, ಅಭ್ಯಾಸ, ಪರಿಣಾಮ ಎಂಬ ಮೂರು ಅವನವು. ಮೊದಲ ಕಲಿಕೆ, ತೀವ್ರತೆ, ಇತ್ತೀಚಿನದು ಎಂಬ ಮೂರು ಆಮೇಲೆ ಸೇರಿದವು. ಮೊದಲ ಕಲಿಕೆಯ ನಿಯಮಕ್ಕೆ ಟ್ಯಾಕ್ಸಿ ಮಾಡುವುದಕ್ಕಿಂತ (ವಿಮಾನವನ್ನು ನೆಲದ ಮೇಲೆ ಓಡಿಸುವುದಕ್ಕಿಂತ) ಒಳ್ಳೆಯ ಉದಾಹರಣೆ ಸಿಗದು. ವರ್ಷಗಟ್ಟಲೆ ಕಾರು ಓಡಿಸಿದವರು ವಿಮಾನ ನೆಲದ ಮೇಲಿರುವಾಗ ಯೋಕ್ (ಸ್ಟಿಯರಿಂಗ್‌ನಂಥ ಹಿಡಿ) ತಿರುಗಿಸುತ್ತಾರೆ, ವಿಮಾನ ತಿರುಗುವುದಿಲ್ಲ, ಇನ್ನೂ ತಿರುಗಿಸುತ್ತಾರೆ. ಎಷ್ಟು ಹೇಳಿದರೂ ಕೈ ಕೇಳುವುದಿಲ್ಲ. ಗಾಳಿಯಿಲ್ಲದ ದಿನ ನೋಡಿ ಕೈಗಳನ್ನು ತೊಡೆಯ ಮೇಲಿರಿಸಿ, ಪಾದದಲ್ಲೇ ಟ್ಯಾಕ್ಸಿವೇಯ ಹಳದಿ ಗೆರೆ ಹಿಡಿಯಲು ಬಿಡಬೇಕು. ಥ್ರಾಟಲ್ ನಿಮ್ಮ ಕೈಯಲ್ಲಿರಲಿ. ಯೋಕ್‌ಗೆ ಕೆಲಸ ಕೊಡುವುದು ಆಮೇಲೆ, ಗಾಳಿಯ ದಿಕ್ಕಿಗೆ ತಕ್ಕಂತೆ.

ಕಲಿಸುವ ವಿಧಾನಗಳಲ್ಲಿ ಇನ್‌ಸ್ಟ್ರಕ್ಟರ್‌ಗೆ ದಿನಾ ಬೇಕಾಗುವುದು ‘ಡೆಮಾನ್‌ಸ್ಟ್ರೇಷನ್-ಪರ್ಫಾರ್ಮೆನ್ಸ್’. ಹಾರಾಟದಲ್ಲಿ ಅದು ಹೀಗೆ ಬಿಚ್ಚಿಕೊಳ್ಳುತ್ತದೆ: ಮೊದಲು ನೀವು ಹೇಳುತ್ತಾ ಮಾಡಿ ತೋರಿಸುತ್ತೀರಿ. ಆಮೇಲೆ ವಿದ್ಯಾರ್ಥಿ ಹೇಳುತ್ತಾನೆ, ನೀವು ಮಾಡುತ್ತೀರಿ. ಮೂರನೆಯದಾಗಿ ಅವನೇ ಹೇಳುತ್ತಾ ಮಾಡುತ್ತಾನೆ. ಕೊನೆಗೆ ಅವನು ಮಾಡುತ್ತಾನೆ, ನೀವು ತೂಗಿ ನೋಡುತ್ತೀರಿ. ಅಭ್ಯರ್ಥಿಗಳು ಹಾರಿಸಿಬಿಡುವುದು ಎರಡನೇ ಹೆಜ್ಜೆಯನ್ನು. ವಿದ್ಯಾರ್ಥಿಯ ತಲೆಯಲ್ಲಿ ತಪ್ಪು ಕೂತಿದ್ದರೆ ವಿಮಾನ ನಿಮ್ಮ ಹಿಡಿತದಲ್ಲಿರುವಾಗಲೇ ಅದು ಬಯಲಾಗುವುದು ಇಲ್ಲಿ ಮಾತ್ರ.

ಸ್ಟೀಪ್ ಟರ್ನ್ (ಕಡಿದಾದ ತಿರುವು) ತೆಗೆದುಕೊಳ್ಳಿ. ಪ್ರೈವೇಟ್ ಮಟ್ಟದಲ್ಲಿ 45 ಡಿಗ್ರಿ ಬ್ಯಾಂಕ್ (ಬದಿಗೆ ವಾಲುವುದು), ಎತ್ತರ 100 ಅಡಿ, ವೇಗ 10 ನಾಟ್ ಆಚೀಚೆ ಮಾತ್ರ. ಸೆಸ್ನಾ 172ರಂಥ ವಿಮಾನದಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಯಾರೂ ನಟ್ಟನಡುವೆ ಇಲ್ಲ. ಎಡ ಸೀಟಿನ ವಿದ್ಯಾರ್ಥಿ ಮೂಗಿನ ನಡುಭಾಗವನ್ನು ದಿಗಂತಕ್ಕೆ ಹಿಡಿದು ನೋಡಿದರೆ, ಎಡಕ್ಕೆ ತಿರುಗುವಾಗ ಮೂಗು ಎದ್ದಂತೆ, ಬಲಕ್ಕೆ ತಿರುಗುವಾಗ ಕುಸಿದಂತೆ ಕಾಣುತ್ತದೆ. ಹಾಗಾಗಿ ಎಡ ತಿರುವಿನಲ್ಲಿ ಮೂಗು ತಗ್ಗಿಸಿ ಎತ್ತರ ಕಳೆದುಕೊಳ್ಳುತ್ತಾನೆ, ಬಲ ತಿರುವಿನಲ್ಲಿ ಎಳೆದು ಮೇಲೇರುತ್ತಾನೆ. ಬಲ ಸೀಟಿನಲ್ಲಿರುವ ನಿಮಗೆ ಕಾಣುವುದು ಇದರ ಉಲ್ಟಾ. ‘ನೋಡು, ಮೂಗು ಅಲ್ಲಿರಬೇಕು’ ಎಂದು ನಿಮ್ಮ ಕಣ್ಣಳತೆಯಲ್ಲಿ ಬೆರಳು ತೋರಿಸಿದರೆ ಅವನನ್ನು ನೀವೇ ದಾರಿ ತಪ್ಪಿಸಿದಂತೆ. ಅವನ ಕಣ್ಣಿಗೆ ನೇರ ಎದುರಿರುವ ಕೌಲಿಂಗ್‌ನ (ಎಂಜಿನ್ ಹೊದಿಕೆಯ) ಒಂದು ರಿವೆಟ್ ಗುರುತಿಸಿಕೊಳ್ಳಲಿ, ಅಥವಾ ವಿಂಡ್‌ಶೀಲ್ಡ್ ಮೇಲೆ ಒರೆಸಿದರೆ ಹೋಗುವ ಪೆನ್ನಿನಲ್ಲಿ ಚುಕ್ಕೆ ಇಡಲಿ. ನಿಮಗೂ ನಿಮ್ಮದೇ ಚುಕ್ಕೆ ಇರಲಿ. ಮೌಖಿಕದಲ್ಲಿ ‘ಸಾಮಾನ್ಯ ತಪ್ಪುಗಳೇನು, ಏಕೆ?’ ಎಂದು ಕೇಳಿದಾಗ ಬೇಕಾಗುವುದು ಇಂಥ ಉತ್ತರ.

ಲ್ಯಾಂಡಿಂಗ್‌ನಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ನಿಂತುಬಿಡುತ್ತಾರೆ. ಕಲಿಕೆಯ ಗ್ರಾಫ್ ಮಟ್ಟಸವಾಗುವ ಇದಕ್ಕೆ ‘ಪ್ಲಾಟೋ’ ಎನ್ನುತ್ತಾರೆ. ಅದು ಬರುತ್ತದೆಂದು ಮುಂಚೆಯೇ ವಿದ್ಯಾರ್ಥಿಗೆ ಹೇಳಿಟ್ಟರೆ ಅರ್ಧ ಭಾರ ಇಳಿದಂತೆ. ಇನ್ನೂ ಹತ್ತು ಲ್ಯಾಂಡಿಂಗ್ ಮಾಡಿಸಿದರೆ ಸರಿಹೋಗುತ್ತದೆ ಎಂಬ ಹಟ ಬೇಡ; ದಣಿದವನು ತಪ್ಪನ್ನೇ ಅಭ್ಯಾಸ ಮಾಡುತ್ತಾನೆ. ಕಣ್ಣು ಎಲ್ಲಿದೆ ಎಂದು ಕೇಳಿ. ಮೂಗಿನ ಮುಂದಿನ ನೆಲವನ್ನೇ ದಿಟ್ಟಿಸುವವನು ಗಡಬಡಿಸಿ ಎತ್ತರದಲ್ಲೇ ಫ್ಲೇರ್ ಮಾಡಿ (ನೆಲ ತಾಗುವ ಮುನ್ನ ಮೂಗೆತ್ತಿ) ವಿಮಾನವನ್ನು ಕುಕ್ಕುತ್ತಾನೆ. ತೀರಾ ದೂರ ನೋಡುವವನಿಗೆ ನೆಲ ಹತ್ತಿರವಾದದ್ದೇ ತಿಳಿಯುವುದಿಲ್ಲ, ಮುಂದಿನ ಚಕ್ರ ಮೊದಲು ತಾಗುತ್ತದೆ. ಕಾರಣ ಹಿಡಿದ ಮೇಲೆ ಒಂದು ಪಾಠ ಸ್ಲೋ ಫ್ಲೈಟ್‌ಗೆ ಹೋಗಿ ಬನ್ನಿ.

ಪ್ರಶ್ನೆ ಕೇಳುವ ಕಲೆಯಲ್ಲಿ ನಮ್ಮ ಶಾಲೆಗಳ ಪದ್ಧತಿ ಇಲ್ಲಿ ಕೈಕೊಡುತ್ತದೆ. ‘ಅರ್ಥ ಆಯ್ತಾ?’ ಎಂದರೆ ‘ಆಯ್ತು ಸಾರ್’ ಎನ್ನುವುದು ನಮಗೆ ರೂಢಿ. ಈ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ ಎಂಬುದೇ ಹ್ಯಾಂಡ್‌ಬುಕ್ಕಿನ ನಿಲುವು. ‘ಕ್ರಾಸ್‌ವಿಂಡ್ (ಅಡ್ಡಗಾಳಿ) ಎಡದಿಂದ ಬಂದರೆ ಯಾವ ಏಲೆರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ಮೇಲಿರಬೇಕು, ಯಾಕೆ?’ ಎಂದು ಕೇಳಿ. ಇಲ್ಲಿಯ ವಿದ್ಯಾರ್ಥಿ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾನೆ, ಎದುರು ಪ್ರಶ್ನೆ ಹಾಕುತ್ತಾನೆ, ಅದು ಅಗೌರವವಲ್ಲ. ಗದರಿ ಕಲಿಸುವ ಚಾಳಿಯನ್ನು ಮಾತ್ರ ಪೂರ್ತಿ ಬಿಡಿ. ಹೆದರಿದವನು ‘ಗಾಳಿ ಸರಿ ಇರಲಿಲ್ಲ’ ಎಂದು ನೆಪ ಹುಡುಕುತ್ತಾನೆ, ಇಲ್ಲವೇ ಸಿಟ್ಟನ್ನು ಬೇರೆಯವರ ಮೇಲೆ ತೀರಿಸಿಕೊಳ್ಳುತ್ತಾನೆ. ಡಿಫೆನ್ಸ್ ಮೆಕ್ಯಾನಿಸಂ ಅಧ್ಯಾಯದ ರ‍್ಯಾಷನಲೈಸೇಷನ್, ಡಿಸ್‌ಪ್ಲೇಸ್‌ಮೆಂಟ್ ಅಂದರೆ ಇವೇ.

ಚೆಕ್‌ರೈಡ್ 2024ರ ಮೇ 31ರಿಂದ ಎಸಿಎಸ್ ಎಂಬ ಎಫ್‌ಎಎ ಮಾನದಂಡದಂತೆ ನಡೆಯುತ್ತಿದೆ. ಪರೀಕ್ಷಕರು ಏನೂ ಗೊತ್ತಿಲ್ಲದ ವಿದ್ಯಾರ್ಥಿಯ ವೇಷ ಹಾಕುತ್ತಾರೆ. ನೀವು ಪಾಠ ಮಾಡಬೇಕು. ಲೆಸನ್ ಪ್ಲಾನ್‌ಗಳು ನಿಮ್ಮ ಕೈಯಲ್ಲೇ ತಯಾರಾಗಿರಲಿ: ಗುರಿ, ವಿಷಯ, ಸಮಯ, ಬೇಕಾದ ಸಾಮಗ್ರಿ, ನೀವು ಮಾಡುವುದು, ವಿದ್ಯಾರ್ಥಿ ಮಾಡುವುದು, ಮುಗಿದದ್ದಕ್ಕೆ ಅಳತೆಗೋಲು. ಕೊಂಡ ಪ್ಲಾನ್ ಓದಿ ಹೇಳುವವರು ಮೊದಲ ಅಡ್ಡಪ್ರಶ್ನೆಗೇ ತಡವರಿಸುತ್ತಾರೆ. ಹಾರುವಾಗ ಕಂಟ್ರೋಲ್ ಹಸ್ತಾಂತರಕ್ಕೆ ಮೂರು ಮಾತು ಕಡ್ಡಾಯ ಎಂದುಕೊಳ್ಳಿ: ಕೊಡುವವರು ‘ಯೂ ಹ್ಯಾವ್ ದ ಫ್ಲೈಟ್ ಕಂಟ್ರೋಲ್ಸ್’, ತೆಗೆದುಕೊಳ್ಳುವವರು ‘ಐ ಹ್ಯಾವ್’, ಮತ್ತೆ ಕೊಟ್ಟವರು ‘ಯೂ ಹ್ಯಾವ್’. ಒಂದು ಬಿಟ್ಟರೂ ವಿಮಾನ ಯಾರ ಕೈಯಲ್ಲಿದೆ ಎಂಬ ಅನುಮಾನ ಉಳಿಯುತ್ತದೆ.

ಪಾಸಾದ ಮೇಲೆ 24 ಗಂಟೆಯೊಳಗೆ 8 ಗಂಟೆಗಿಂತ ಹೆಚ್ಚು ಹಾರಾಟ ಕಲಿಸುವಂತಿಲ್ಲ. ಕೊಟ್ಟ ಎಂಡೋರ್ಸ್‌ಮೆಂಟ್‌ಗಳ ದಾಖಲೆ 3 ವರ್ಷ ಇಡಬೇಕು. ಗೆಳೆಯರಿಗೆ ಹಾರಾಟ ಶುರುಮಾಡಿಸುವ ಮುನ್ನ ಪೌರತ್ವದ ದಾಖಲೆ ನೋಡಿ: ಭಾರತದ ಪಾಸ್‌ಪೋರ್ಟ್ ಇರುವವರಿಗೆ, ಗ್ರೀನ್ ಕಾರ್ಡ್ ಇದ್ದರೂ, ಮೊದಲ ಪೈಲಟ್ ಸರ್ಟಿಫಿಕೇಟಿನ ತರಬೇತಿಗೆ ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಇಲಾಖೆ) ಅನುಮತಿ ಮೊದಲೇ ಬಂದಿರಬೇಕು.