ಗಣಿ ವಿಸ್ತರಣೆ: ಗಿಡ, ಪ್ರಾಣಿಗಳ ವರದಿಯನ್ನು ಪರಿಶೀಲಿಸುವುದು ಹೇಗೆ

ಗಣಿ ವಿಸ್ತರಣೆಗೆ ಅನುಮತಿ ಕೇಳುವ ಕಡತ ಕೈಗೆ ಬಂದರೆ ಹೆಚ್ಚಿನವರು ಮೊದಲು ಪ್ರಾಣಿ, ಪಕ್ಷಿಗಳ ಪಟ್ಟಿ ತೆರೆಯುತ್ತಾರೆ. ನಾನು ಹಳೇ ಪರವಾನಗಿಯಿಂದ ಶುರು ಮಾಡುತ್ತೇನೆ. ಆಗ ಏನೇನು ಷರತ್ತು ಹಾಕಿದ್ದರು? ಅಗೆದು ಮುಗಿದ ಜಾಗದಲ್ಲಿ ಯಾವ ಹುಲ್ಲು, ಯಾವ ಪೊದೆ ಬೆಳೆಸುತ್ತೇವೆ ಎಂದಿದ್ದರು? ಈಗ ಅಲ್ಲಿ ಏನಿದೆ? ಹೊಸ ಗಣಿಯಾದರೆ ಹೀಗೆ ತಾಳೆ ನೋಡಲು ಏನೂ ಇರುವುದಿಲ್ಲ. ವಿಸ್ತರಣೆಯಲ್ಲಿ ಉತ್ತರ ನೆಲದ ಮೇಲೇ ಇರುತ್ತದೆ. ಹಳೇ ಮಾತು ಉಳಿಸಿಕೊಳ್ಳದವರ ಹೊಸ ಮಾತನ್ನು ಸುಮ್ನೆ ನಂಬಬಾರದು.

ಆಮೇಲೆ ನಕ್ಷೆ. ಹೊಸ ಗುಂಡಿ, ತ್ಯಾಜ್ಯ ಮಣ್ಣು ಸುರಿಯುವ ಜಾಗ, ರಸ್ತೆ, ವಿದ್ಯುತ್ ತಂತಿ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ. ಸಮೀಕ್ಷೆ ಮಾಡಿದ ಬಿಂದುಗಳನ್ನು ಅದರ ಮೇಲೆ ಹಾಕಿ. ಬಿಂದುಗಳೆಲ್ಲ ಜೀಪು ಹೋಗುವ ದಾರಿಯಲ್ಲೇ ಸಾಲಾಗಿ ನಿಂತಿವೆಯಾ? ಮಣ್ಣು ಸುರಿಯುವ ಕಣಿವೆಯಲ್ಲಿ ಒಂದೂ ಬಿಂದು ಇಲ್ಲದಿದ್ದರೆ, ಪಟ್ಟಿ ಎಷ್ಟೇ ಉದ್ದವಿರಲಿ, ಆ ಕಣಿವೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ತಾರೀಖನ್ನೂ ನೋಡಿ. ಒಣಗಾಲದಲ್ಲಿ ಮಾತ್ರ ಸುತ್ತಾಡಿದ್ದರೆ ಮಳೆಗೆ ಚಿಗುರುವ ಗೆಡ್ಡೆ ಗಿಡಗಳು ಕಂಡಿರುವುದಿಲ್ಲ. ಹೆಚ್ಚಿನ ಕಪ್ಪೆಗಳೂ ಸಿಗುವುದಿಲ್ಲ. ತೆನೆ ಬಿಡದ ಹುಲ್ಲಿನ ಜಾತಿ ಹೇಳುವುದು ತಜ್ಞರಿಗೂ ಕಷ್ಟ. ಎಷ್ಟು ಜನ, ಯಾವ ಹೊತ್ತಿನಲ್ಲಿ, ಎಷ್ಟು ರಾತ್ರಿ ನೋಡಿದರು ಎಂದು ಬರೆದಿಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

ಅಗೆದು ಬಿಟ್ಟ ಜಾಗ ಸತ್ತ ಜಾಗ ಅಂದುಕೊಳ್ಳಬೇಡಿ. ಇದು ನನಗೆ ತುಂಬ ಮುಖ್ಯವಾದ ವಿಷಯ. ಗಣಿಯ ಕಡಿದಾದ ಗೋಡೆಗಳಲ್ಲಿ ಡೇಗೆ, ಗೂಬೆಗಳು ಗೂಡು ಮಾಡುತ್ತವೆ. ಬಂಡೆಯ ಮೇಲೆ ಬಿಳಿ ಹಿಕ್ಕೆಯ ಗೆರೆ ಇಳಿದಿದ್ದರೆ ದುರ್ಬೀನು ಹಿಡಿದು ಮೇಲೆ ಚಾಚಿಕೊಂಡಿರುವ ಬಂಡೆಯನ್ನು ನೋಡಿ. ಬಿಟ್ಟುಹೋದ ಸುರಂಗಗಳಲ್ಲಿ ಬಾವಲಿಗಳು ಸೇರಿಕೊಂಡಿರುತ್ತವೆ. ಸುರಂಗದ ಬಾಯಿಯ ಹತ್ತಿರ ಸಣ್ಣ ಕಪ್ಪು ಹಿಕ್ಕೆ ಸಿಕ್ಕರೆ ಕಡ್ಡಿಯಿಂದ ಒತ್ತಿ. ಇಲಿಯ ಹಿಕ್ಕೆ ಒಣಗಿದರೆ ಗಟ್ಟಿ. ಹುಳು ತಿನ್ನುವ ಬಾವಲಿಯದು ಪುಡಿಯಾಗುತ್ತದೆ, ಒಳಗೆ ಹುಳುಗಳ ಚಿಪ್ಪಿನ ಚೂರು ಮಿನುಗುತ್ತದೆ. ಸುರಂಗದೊಳಗೆ ಮಾತ್ರ ಕಾಲಿಡಬೇಡಿ, ಚಾವಣಿ ಕುಸಿಯಬಹುದು, ಗಾಳಿ ಕೆಟ್ಟಿರಬಹುದು. ಮುಸ್ಸಂಜೆ ಹೊರಗೆ ಕೂತು, ಹಾರಿ ಬರುವ ಬಾವಲಿಗಳನ್ನು ಎಣಿಸಿದರೆ ಸಾಕು. ಹುಳು ತಿನ್ನುವ ಬಾವಲಿಗಳ ಕೂಗು ಹೆಚ್ಚಾಗಿ 20 ಕಿಲೋಹರ್ಟ್ಸ್‌ಗಿಂತ ಮೇಲಿರುತ್ತದೆ, ನಮ್ಮ ಕಿವಿಗೆ ಕೇಳದು. ಅದಕ್ಕೇ ಆ ಕೂಗನ್ನು ಹಿಡಿಯುವ ಡಿಟೆಕ್ಟರ್ ಯಂತ್ರ ಬೇಕು. ಹೆಚ್ಚಿನ ಜಾತಿಗಳು ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಒಂದು ಗುಂಪು ಹಾಳಾದರೆ ಮತ್ತೆ ತುಂಬಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ.

ಗಿಡಗಳ ಭಾಗದಲ್ಲಿ, ಗಿಡ ಎಣಿಸಲು ನೆಲದ ಮೇಲೆ ಗುರುತಿಸಿದ ಚೌಕಗಳ ಅಳತೆ ಕೊಟ್ಟಿದ್ದಾರಾ ನೋಡಿ. ಸಣ್ಣ ಗಿಡಗಳಿಗೆ ಸಾಮಾನ್ಯವಾಗಿ 1 ಮೀಟರ್ ಚೌಕ, ಮರಗಳಿಗೆ 10 ಮೀಟರ್ ಅಥವಾ ಜಾಸ್ತಿ. ಪಕ್ಕದಲ್ಲೇ ಅಗೆಯದ, ಅದೇ ಬಗೆಯ ಮಣ್ಣಿರುವ ಒಂದು ತುಂಡು ನೆಲವನ್ನೂ ಅಳೆದಿರಬೇಕು. ಇಲ್ಲದಿದ್ದರೆ ಮುಂದೆ ಪುನಶ್ಚೇತನ ಆಯಿತೋ ಇಲ್ಲವೋ ಎಂದು ಯಾವುದಕ್ಕೆ ಹೋಲಿಸುವುದು?

ಮೇಲ್ಮಣ್ಣಿನ ಬಗ್ಗೆ ಬಿಡದೆ ಕೇಳಿ. ಆ ಜಾಗದ ಗಿಡಗಳ ಬೀಜ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರ ಹೆಚ್ಚಾಗಿ ಇರುವುದು ಮೇಲಿನ ಕೆಲವೇ ಸೆಂಟಿಮೀಟರ್‌ಗಳಲ್ಲಿ. ಆಳದ ಮಣ್ಣಿನ ಜೊತೆ ಕಲಸಿ, ಎತ್ತರಕ್ಕೆ ರಾಶಿ ಹಾಕಿ ವರ್ಷಗಟ್ಟಲೆ ಇಟ್ಟರೆ ಅವು ಬಹುಪಾಲು ಸಾಯುತ್ತವೆ. ತೆಗೆದ ಮಣ್ಣನ್ನು ನೇರವಾಗಿ, ಅಗೆದು ಮುಗಿದು ಈಗ ಮುಚ್ಚುತ್ತಿರುವ ಜಾಗಕ್ಕೆ ಹರಡಲು ಆಗುತ್ತದಾ ಎಂಬುದೇ ಮೊದಲ ಪ್ರಶ್ನೆಯಾಗಲಿ.

ಕೊನೆಗೆ ಷರತ್ತು ಬರೆಯುವ ಕೆಲಸ. ‘ವನ್ಯಜೀವಿಗಳಿಗೆ ಸೂಕ್ತ ರಕ್ಷಣೆ ನೀಡತಕ್ಕದ್ದು’ ಎಂದು ಬರೆದರೆ ಯಾರೂ ಪರೀಕ್ಷಿಸಲಾರರು. ಮರಿಗಳಿರುವ ತಿಂಗಳುಗಳಲ್ಲಿ ಯಾವ ಸುರಂಗದಿಂದ ಎಷ್ಟು ದೂರದೊಳಗೆ ಸ್ಫೋಟ ಕೂಡದು, ಯಾವ ಬಾಯಿಗೆ ಬಾವಲಿ ದಾಟುವಂಥ ಅಡ್ಡ ಸರಳುಗಳ ಗೇಟು ಹಾಕಬೇಕು, ಯಾರು ಎಣಿಸಬೇಕು, ಎಣಿಕೆ ಇಳಿದರೆ ಯಾವ ಕೆಲಸ ನಿಲ್ಲಬೇಕು, ಇಷ್ಟನ್ನೂ ಒಂದೊಂದಾಗಿ ಬರೆಯಿರಿ.