ಮಾಯದ ಹುಣ್ಣಿಗೆ ತಣ್ಣನೆಯ ಪ್ಲಾಸ್ಮಾ: ಪೆನ್ನು ಹಿಡಿಯುವ ಕ್ರಮ

ಪ್ಲಾಸ್ಮಾ ಎಂದ ಕೂಡಲೇ ರಕ್ತದಿಂದ ತೆಗೆಯುವ ಪಿ.ಆರ್.ಪಿ. (ಪ್ಲೇಟ್‌ಲೆಟ್ ಹೆಚ್ಚಿರುವ ರಕ್ತದ್ರವ) ನೆನಪಾಗುತ್ತದೆ. ಇಲ್ಲಿ ಹೇಳುವ ತಣ್ಣನೆಯ ಪ್ಲಾಸ್ಮಾ ಅದಲ್ಲ. ಆರ್ಗಾನ್ ಅನಿಲಕ್ಕೆ ವಿದ್ಯುತ್ ಹಾಯಿಸಿದಾಗ ಪೆನ್ನಿನಾಕಾರದ ಸಾಧನದ ತುದಿಯಿಂದ ಹೊಮ್ಮುವ ಪುಟ್ಟ ನೇರಳೆ ಜ್ವಾಲೆ ಇದು. ಚರ್ಮಕ್ಕೆ ತಾಗುವ ತುದಿಯಲ್ಲಿ ಬಿಸಿ ಸುಮಾರು 40 ಡಿಗ್ರಿಯೊಳಗೇ ಇರುತ್ತದೆ. ಅದರಲ್ಲಿ ಹುಟ್ಟುವ ಆಮ್ಲಜನಕ, ಸಾರಜನಕದ ಚುರುಕು ಕಣಗಳು ರೋಗಾಣುಗಳನ್ನು ಕೊಲ್ಲುತ್ತವೆ, ಚರ್ಮದ ಕೋಶಗಳನ್ನು ಬೆಳೆಯಲು ಕೆಣಕುತ್ತವೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ರೂಪುಗೊಂಡ ಕಿನ್‌ಪೆನ್ ಮೆಡ್ ಎಂಬ ಸಾಧನಕ್ಕೆ 2013ರಲ್ಲಿ ಯುರೋಪಿನ ವೈದ್ಯಕೀಯ ಮಾನ್ಯತೆ ಸಿಕ್ಕಿತು. ಇಲ್ಲಿನ ವಿವರ ಅಂಥ ಪೆನ್ನು ಬಳಸುವ ವೈದ್ಯರು, ನರ್ಸ್‌ಗಳಿಗೆ. ಬ್ಯೂಟಿ ಪಾರ್ಲರಿನ ‘ಪ್ಲಾಸ್ಮಾ ಪೆನ್’ ಕಿಡಿ ಹಾರಿಸಿ ಚರ್ಮ ಸುಡುವ ಸಾಧನ. ಅದನ್ನು ಗಾಯದ ಹತ್ತಿರವೂ ತರಬೇಡಿ.

ಮೊದಲು ಕಾಲಿನ ರಕ್ತಸಂಚಾರ ನೋಡಿ. ರಕ್ತವೇ ಹರಿಯದ ಪಾದದ ಹುಣ್ಣು ಪ್ಲಾಸ್ಮಾದಿಂದ ಮಾಯುವುದಿಲ್ಲ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಹುಣ್ಣಿನಲ್ಲಿ ಕ್ಯಾನ್ಸರ್ ಅನುಮಾನ ಇರುವವರು, ಇಂಥವರಿಗೆ ಬೇಡ. ಗಾಯದ ಉದ್ದಗಲ ಅಳೆದು ಫೋಟೊ ತೆಗೆದಿಡಿ.

ಮುಂದಿನದು ಶುಚಿ. ಸತ್ತ ಮಾಂಸ, ಹಕ್ಕಳೆ, ಹಳದಿ ಲೋಳೆಪದರವನ್ನು ಕ್ಯುರೆಟ್ (ಕೆರೆಯುವ ಪುಟ್ಟ ಸಾಧನ) ಅಥವಾ ಬ್ಲೇಡಿನಿಂದ ತೆಗೆದು ಸಲೈನ್‌ನಲ್ಲಿ ತೊಳೆಯಿರಿ. ಪ್ಲಾಸ್ಮಾ ಕೆಲಸ ಮಾಡುವುದು ಮೇಲ್ಪದರದಲ್ಲಿ ಮಾತ್ರ. ದಪ್ಪ ಹಕ್ಕಳೆ ಇದ್ದರೆ ಅದರ ಶಕ್ತಿಯೆಲ್ಲ ಹಕ್ಕಳೆಗೇ ಹೋಗುತ್ತದೆ. ಮನೆಯಲ್ಲಿ ಮೆತ್ತಿದ ಅರಿಶಿನ, ಕಾಫಿಪುಡಿ, ಹಳೆಯ ಮುಲಾಮಿನ ಜಿಡ್ಡು ಒಂದಿಷ್ಟೂ ಉಳಿಯಬಾರದು. ಬಳಿಕ ಗಾಜ್‌ನಿಂದ ಒತ್ತಿ ನೀರು ಹೀರಿಸಿ. ಗಾಯ ತೇವವಾಗಿರಲಿ, ನೀರು ನಿಂತಿರಬಾರದು. ಸುತ್ತಲಿನ ಚರ್ಮಕ್ಕೆ ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಆರುವವರೆಗೆ ಪೆನ್ನು ಹೊತ್ತಿಸಬೇಡಿ, ಬೆಂಕಿ ಹಿಡಿಯುವ ಅಪಾಯವಿದೆ.

ಆರ್ಗಾನ್ ಹರಿವು ನಿಮಿಷಕ್ಕೆ ಸುಮಾರು 5 ಲೀಟರ್. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಅಗ್ಗವೆಂದು ತರಬೇಡಿ. ತಯಾರಕರು ಹೇಳಿದ ಶುದ್ಧತೆಯೇ ಇರಬೇಕು, ಅನಿಲದಲ್ಲಿ ತೇವ ಸೇರಿದರೂ ಜ್ವಾಲೆಯ ಗುಣ ಬದಲಾಗುತ್ತದೆ. ಕಿಟಕಿ ತೆರೆದಿರಲಿ. ಪೆನ್ನಿನ ತುದಿಗೆ ಹಾಕುವ ಸ್ಪೇಸರ್ ಪ್ರತಿ ರೋಗಿಗೂ ಹೊಸದು, ಸ್ಟೆರೈಲ್ ಆಗಿರಲಿ. ಒಂದನ್ನೇ ತೊಳೆದು ಇನ್ನೊಬ್ಬರಿಗೆ ಹಾಕುವ ಉಳಿತಾಯ ಬೇಡವೇ ಬೇಡ.

ಕೈ ತಪ್ಪುವುದು ಈಗ. ಗೋಡೆಗೆ ಬಣ್ಣ ಎರಚುವ ಹಾಗೆ ಗಾಯದ ಮೇಲೆ ಸರಸರನೆ ಒಂದು ಸುತ್ತು ತಿರುಗಿಸಿ, ಎರಡು ನಿಮಿಷದಲ್ಲಿ ಮುಗಿಯಿತು ಎನ್ನುವವರೇ ಹೆಚ್ಚು. ಲೆಕ್ಕ ಹಾಕಿ: ಒಂದು ಚದರ ಸೆಂಟಿಮೀಟರಿಗೆ 30ರಿಂದ 60 ಸೆಕೆಂಡ್ ಬೇಕು. ಹುಣ್ಣು 3×4 ಸೆಂ.ಮೀ. ಇದ್ದರೆ ಸುತ್ತ ಅರ್ಧ ಸೆಂ.ಮೀ. ಅಂಚನ್ನೂ ಸೇರಿಸಿ 4×5, ಅಂದರೆ 20 ಚದರ ಸೆಂ.ಮೀ. ಸೆಕೆಂಡ್ 30 ಎಂದು ಹಿಡಿದರೂ ಪೂರ್ತಿ ಹತ್ತು ನಿಮಿಷ. ಅಂಚನ್ನು ಬಿಡಬೇಡಿ, ಹೊಸ ಚರ್ಮ ಒಳಕ್ಕೆ ತೆವಳುವುದು ಅಲ್ಲಿಂದಲೇ. ಜ್ವಾಲೆಯ ತುದಿ ಮಾತ್ರ ಗಾಯಕ್ಕೆ ತಾಗಬೇಕು. ಸ್ಪೇಸರ್ ಇರುವುದು ಆ ಅಂತರ ಕಾಯಲಿಕ್ಕೆ. ಮೇಲೆತ್ತಿದರೆ ಕಣಗಳು ಗಾಳಿಯಲ್ಲೇ ಕಳೆದುಹೋಗುತ್ತವೆ. ಒಂದೇ ಕಡೆ ನಿಲ್ಲಿಸಿದರೆ ಬಿಸಿ ಏರಿ ಚುರುಗುಟ್ಟುತ್ತದೆ. ಉತ್ತ ಸಾಲಿನ ಹಾಗೆ ಒಂದರ ಪಕ್ಕ ಒಂದು ಗೆರೆ ಎಳೆಯುತ್ತ ಹೋಗಿ. ಗಡಿಯಾರ ಎದುರಿಗಿರಲಿ, ಅಂದಾಜಿಗೆ ಬಿಡಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಬಿಸಿಯಾದರೂ ಹೇಳುವುದಿಲ್ಲ, ಅವರಲ್ಲಿ ಕೈ ಒಂದು ಕ್ಷಣವೂ ನಿಲ್ಲಬಾರದು.

ಮುಗಿದ ಮೇಲೆ ಗಾಯ ತೇವ ಉಳಿಯುವಂಥ ಸಾಮಾನ್ಯ ಡ್ರೆಸ್ಸಿಂಗ್ ಸಾಕು.

ಜರ್ಮನಿಯಲ್ಲಿ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಟ್ಟು ಎಂಟು ಸಲ ಪ್ಲಾಸ್ಮಾ ಕೊಟ್ಟಿದ್ದರು: ಮೊದಲ ಐದು ದಿನ ದಿನವೂ, ಆಮೇಲೆ ದಿನ ಬಿಟ್ಟು ದಿನ ಮೂರು ಸಲ. ಬರೀ ಆರ್ಗಾನ್ ಊದಿದವರಿಗಿಂತ ಇವರ ಹುಣ್ಣು ಬೇಗ ಕುಗ್ಗಿತು. ಸೋಂಕಿನಲ್ಲಿ ಮಾತ್ರ ಎರಡೂ ಗುಂಪಿಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪ್ಲಾಸ್ಮಾ ಶುರುವಾಯಿತೆಂದು ಆ್ಯಂಟಿಬಯಾಟಿಕ್ ನಿಲ್ಲಿಸಬೇಡಿ; ಹುಣ್ಣಿನ ಪಾದದ ಮೇಲೆ ಭಾರ ಬೀಳದಂಥ ಚಪ್ಪಲಿಯನ್ನೂ ಬಿಡಿಸಬೇಡಿ.

ವಾರಕ್ಕೊಮ್ಮೆ ಅಳತೆ ತೆಗೆಯಿರಿ. ನಾಲ್ಕು ವಾರದಲ್ಲಿ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ಪೆನ್ನು ಕೆಳಗಿಟ್ಟು, ಎಲುಬಿಗೆ ಸೋಂಕು ಹೊಕ್ಕಿದೆಯೇ ಎಂದು ಎಕ್ಸ್‌ರೇ ತೆಗೆಸಿ, ರಕ್ತಸಂಚಾರವನ್ನು ಮತ್ತೊಮ್ಮೆ ಪರೀಕ್ಷಿಸಿ.