ಎರಡು ಮೋಟಾರು, ಏಳು ಸರ್ವೋ: ನನ್ನ ಡಾರ್ನಿಯರ್ ಮಾದರಿಗೆ ಕರೆಂಟ್ ಕೊಟ್ಟ ಬಗೆ

"ಎರಡು ಇಎಸ್‌ಸಿ ಇದಾವಲ್ಲ ಸಾರ್, ಒಂದೊಂದರಲ್ಲೂ 2 ಆಂಪಿಯರ್ ಬಿಇಸಿ. ಎರಡೂ ಸೇರಿದ್ರೆ 4 ಆಯ್ತು. ಇನ್ನೇನು ಬೇಕು?"

ರೆಕ್ಕೆ ಬಿಚ್ಚಿ ವೈರಿಂಗ್ ಮಾಡುತ್ತಿದ್ದಾಗ, ನಮ್ಮ ಜೊತೆ ವಿಮಾನ ಹಾರಿಸುವ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಎರಡು ಮೋಟಾರಿನ ಆರ್‌ಸಿ (ರಿಮೋಟಿನಿಂದ ಹಾರಿಸುವ ಮಾದರಿ) ವಿಮಾನಕ್ಕೆ ಕೈಹಾಕಿದವರೆಲ್ಲ ಒಮ್ಮೆಯಾದರೂ ಈ ಲೆಕ್ಕ ಹಾಕಿರುತ್ತಾರೆ. ಇಎಸ್‌ಸಿ ಎಂದರೆ ಮೋಟಾರಿನ ವೇಗ ನಿಯಂತ್ರಿಸುವ ಸಾಧನ. ಬಿಇಸಿ ಅದರೊಳಗೇ ಕೂತು ಬ್ಯಾಟರಿಯ ವೋಲ್ಟೇಜ್ ಇಳಿಸಿ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿಗೂ, ರೆಕ್ಕೆ ಬಾಲಗಳ ಚಲಿಸುವ ಭಾಗಗಳನ್ನು ಆಡಿಸುವ ಪುಟ್ಟ ಸರ್ವೋಗಳಿಗೂ ಕರೆಂಟ್ ಕೊಡುತ್ತದೆ. ಆದರೆ ಬಿಇಸಿಗಳ ವಿಷಯದಲ್ಲಿ ಎರಡೂ ಎರಡೂ ನಾಲ್ಕಾಗುವುದಿಲ್ಲ.

ಮೊದಲು ವಿಮಾನದ ವಿವರ. ಡಾರ್ನಿಯರ್ 228, ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ, ಕೋಸ್ಟ್ ಗಾರ್ಡ್ ಕಡಲಕಾವಲಿಗೆ ಬಳಸುವ ವಿಮಾನ. ಅಸಲಿಯ ರೆಕ್ಕೆಯ ಅಗಲ ಸುಮಾರು 17 ಮೀಟರ್, ನನ್ನದು 1:10 ಅಳತೆಯಲ್ಲಿ 1.7 ಮೀಟರ್. ಒಡಲು ಪೆಟ್ಟಿಗೆಯಂತೆ ಚೌಕಾಕಾರ, ಹಾಗಾಗಿ ಫೋಮ್ ಶೀಟಿನಲ್ಲಿ ಮಾಡುವುದು ಸುಲಭ. 2212 ಗಾತ್ರದ ಎರಡು ಮೋಟಾರು, 30 ಆಂಪಿಯರಿನ ಎರಡು ಇಎಸ್‌ಸಿ, 3 ಸೆಲ್‌ನ ಒಂದೇ ಲಿಪೋ ಬ್ಯಾಟರಿ. ಸರ್ವೋ ಏಳು: ಏಲೆರಾನ್‌ಗೆ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚು) ಎರಡು, ಫ್ಲಾಪ್‌ಗೆ (ನಿಧಾನವಾಗಿ ಹಾರಲು ಇಳಿಸುವ ರೆಕ್ಕೆಯಂಚು) ಎರಡು, ಬಾಲದ ಎಲಿವೇಟರ್ (ಮೂತಿ ಏರಿಳಿಸುವುದು), ರಡ್ಡರ್ (ಮೂತಿಯನ್ನು ಎಡಬಲ ತಿರುಗಿಸುವುದು), ಮೂತಿಯ ಚಕ್ರಕ್ಕೆ ತಲಾ ಒಂದು. ಎಲ್ಲವೂ 9 ಗ್ರಾಮಿನವು.

ಈ ಪುಟ್ಟ ಸರ್ವೋ ಸುಮ್ಮನೆ ಕೂತಾಗ ಹೆಚ್ಚೇನೂ ಕುಡಿಯುವುದಿಲ್ಲ. ಅಲುಗಾಡದಂತೆ ಅದುಮಿ ಹಿಡಿದರೆ ಮಾತ್ರ 0.7 ಆಂಪಿಯರಿನ ಆಸುಪಾಸು ಎಳೆಯುತ್ತದೆ. ಏಳೂ ಒಟ್ಟಿಗೆ ಸಿಕ್ಕಿಕೊಂಡರೆ 5 ಆಂಪಿಯರ್. ಅಷ್ಟು ಆಗುವುದು ಅಪರೂಪವೇ, ಆದರೆ ಇಳಿಯುವ ಹೊತ್ತಿನಲ್ಲಿ ಫ್ಲಾಪ್ ಇಳಿದಿರುತ್ತದೆ, ಅಡ್ಡಗಾಳಿಗೆ ಏಲೆರಾನೂ ರಡ್ಡರೂ ಸತತ ಓಡಾಡುತ್ತಿರುತ್ತವೆ. ಆಗ 2 ಆಂಪಿಯರ್ ದಾಟುವುದು ಏನೂ ದೊಡ್ಡದಲ್ಲ.

ಇಎಸ್‌ಸಿ ಒಳಗಿನ ಅಗ್ಗದ ಬಿಇಸಿ ಸಾಮಾನ್ಯವಾಗಿ ಲೀನಿಯರ್ ಬಗೆಯದು. ಹೆಚ್ಚಾದ ವೋಲ್ಟೇಜನ್ನು ಅದು ಶಾಖವಾಗಿ ಸುಟ್ಟುಹಾಕುತ್ತದೆ. ತುಂಬಿದ 3 ಸೆಲ್ ಬ್ಯಾಟರಿ 12.6 ವೋಲ್ಟ್, ಸರ್ವೋಗೆ ಬೇಕಾದದ್ದು 5. ಉಳಿದ 7.6 ವೋಲ್ಟ್ ಅಷ್ಟೂ ಬಿಸಿ. ಅಂದರೆ 1 ಆಂಪಿಯರ್ ಎಳೆದಾಗ ಸರ್ವೋಗಳಿಗೆ 5 ವ್ಯಾಟ್, ಉಗುರಿನಷ್ಟು ಚಿಪ್ಪಿಗೆ 7.6 ವ್ಯಾಟ್. ಲೇಬಲ್ ಮೇಲಿನ "2 ಆಂಪಿಯರ್" 2 ಸೆಲ್ ಬ್ಯಾಟರಿಗೆ ಸರಿಹೋದೀತು. 3 ಸೆಲ್‌ಗೆ ಅದನ್ನು ನಾನು ನಂಬುವುದಿಲ್ಲ.

ಎರಡನ್ನು ಜೋಡಿಸಿದರೆ? ಪ್ರೊಪೆಲ್ಲರ್ ಬಿಚ್ಚಿಟ್ಟು, ಎರಡೂ ಇಎಸ್‌ಸಿಯ ಪ್ಲಗ್ಗನ್ನು ಹಾಗೇ ರಿಸೀವರಿಗೆ ಚುಚ್ಚಿ, ಕೆಲವು ನಿಮಿಷ ಸ್ಟಿಕ್ಕುಗಳನ್ನು ತಿರುವುತ್ತಾ ಕೂತೆ. ಆಮೇಲೆ ಬೆರಳಿಟ್ಟು ನೋಡಿದರೆ ಎಡಗಡೆಯದು ಮುಟ್ಟಲಾಗದಷ್ಟು ಸುಡುತ್ತಿತ್ತು, ಬಲಗಡೆಯದು ತಣ್ಣಗೆ ಮಲಗಿತ್ತು. ಕಾರಣ ಸರಳ. ಒಂದು 5.05 ವೋಲ್ಟ್ ಕೊಡುತ್ತದೆ, ಇನ್ನೊಂದು 4.95. ಮೇಲಿರುವುದೇ ಹೊರೆಯನ್ನೆಲ್ಲ ಹೊರುತ್ತದೆ. ಅದು ಕುಸಿದ ಮೇಲೆ ಎರಡನೆಯದರ ಸರದಿ, ಅದೂ ಅದೇ ಹೊರೆಗೆ. ಸ್ವಿಚಿಂಗ್ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವ) ಬಿಇಸಿಗಳಾದರೆ ಒಂದನ್ನೊಂದು ಕೆಣಕುವ ಸಾಧ್ಯತೆಯೂ ಇದೆ, ತಯಾರಕರೇ ಜೋಡಿಸಬಹುದು ಎಂದು ಹೇಳದ ಹೊರತು ಆ ಗೋಜು ಬೇಡ.

"ಹಾಗಾದ್ರೆ ಒಂದರ ಕೆಂಪು ವೈರ್ ತೆಗೆದು ಇನ್ನೊಂದರಲ್ಲೇ ನಡೆಸಿ" ಎನ್ನುವುದು ಸಾಮಾನ್ಯ ಸಲಹೆ. ಮೂರು ನಾಲ್ಕು ಸರ್ವೋ ಇರುವ ಸಣ್ಣ ವಿಮಾನಕ್ಕೆ ಆದೀತು. ನನಗೆ ಒಪ್ಪಿಗೆಯಾಗದ್ದಕ್ಕೆ ಕಾರಣ ಆಂಪಿಯರ್ ಒಂದೇ ಅಲ್ಲ. ಎರಡು ಮೋಟಾರಿನ ವಿಮಾನದಲ್ಲಿ ಒಂದು ಇಎಸ್‌ಸಿ ಸುಟ್ಟರೆ ವಿಮಾನ ಒಂದು ಪಕ್ಕಕ್ಕೆ ತಿರುಗತೊಡಗುತ್ತದೆ. ತಕ್ಷಣ ಥ್ರಾಟಲ್ ಇಳಿಸಿ ರಡ್ಡರ್ ಒತ್ತಬೇಕು. ಸರ್ವೋಗಳಿಗೆ ಅತಿ ಹೆಚ್ಚು ಕೆಲಸ ಬೀಳುವ ಗಳಿಗೆ ಅದು. ಸುಟ್ಟ ಇಎಸ್‌ಸಿಯೇ ಸರ್ವೋಗಳಿಗೆ ಅನ್ನ ಹಾಕುತ್ತಿದ್ದರೆ ಮೋಟಾರಿನ ಜೊತೆ ಹಿಡಿತವೂ ಹೋಯಿತು. ಉಳಿದ ಮೋಟಾರು ಆರೋಗ್ಯವಾಗಿದ್ದೂ ಪ್ರಯೋಜನವಿಲ್ಲ.

ಹಾಗಾಗಿ ಎರಡರ ಕೆಂಪು ವೈರನ್ನೂ ತೆಗೆದೆ. ಕತ್ತರಿಸಲಿಲ್ಲ. ಪ್ಲಗ್ಗಿನ ನಡುವಿನ ಪಿನ್ನಿನ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಬ್ಲೇಡಿನ ತುದಿಯಿಂದ ಅದನ್ನು ಕೂದಲೆಳೆಯಷ್ಟು ಎತ್ತಿ ವೈರ್ ಎಳೆದರೆ ಪಿನ್ ಇಡಿಯಾಗಿ ಹೊರಬರುತ್ತದೆ. ಅದನ್ನು ಹಿಂದಕ್ಕೆ ಮಡಿಸಿ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿದೆ. ನಾಳೆ ಆ ಇಎಸ್‌ಸಿ ಬೇರೆ ವಿಮಾನಕ್ಕೆ ಬೇಕಾದರೆ ಪಿನ್ನನ್ನು ಮತ್ತೆ ಒಳಗೆ ತಳ್ಳಿದರಾಯಿತು. ಕಪ್ಪು ವೈರನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು, ಗ್ರೌಂಡ್ ಇಲ್ಲದೆ ಸಿಗ್ನಲ್ಲಿಗೆ ಅರ್ಥವಿಲ್ಲ.

ಅವುಗಳ ಬದಲಿಗೆ ಬಂದದ್ದು 5 ಆಂಪಿಯರಿನ ಒಂದು ಸ್ವಿಚಿಂಗ್ ಯುಬಿಇಸಿ, ಅಂದರೆ ಇಎಸ್‌ಸಿಯ ಹೊರಗೆ ಪ್ರತ್ಯೇಕವಾಗಿರುವ ಬಿಇಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು. ಸ್ವಿಚಿಂಗ್ ಬಗೆಯದು ಹೆಚ್ಚಾದ ವೋಲ್ಟೇಜನ್ನು ಸುಡುವುದಿಲ್ಲ, ಹಾಗಾಗಿ ಬಿಸಿ ಕಡಿಮೆ. ಇದರ ಇನ್‌ಪುಟ್ ವೈರನ್ನು ಎರಡೂ ಇಎಸ್‌ಸಿಗೆ ಕವಲೊಡೆಯುವ ಮುಂಚೆಯೇ, ಬ್ಯಾಟರಿ ಕನೆಕ್ಟರಿನ ಬುಡಕ್ಕೆ ಬೆಸುಗೆ ಹಾಕಿದೆ. ವೋಲ್ಟೇಜ್ ಆರಿಸುವ ಜಂಪರನ್ನು 6 ವೋಲ್ಟಿಗೆ ಹಾಕಿದರೆ ಸರ್ವೋ ಚುರುಕಾಗುತ್ತದೆ, ಆದರೆ ಕರೆಂಟೂ ಏರುತ್ತದೆ. ಈ ಜಾತಿಯ ಸರ್ವೋಗೆ 5 ವೋಲ್ಟೇ ಸಾಕೆಂದು ಅಲ್ಲೇ ಬಿಟ್ಟೆ.

ರಿಸೀವರನ್ನು ಕರೆಂಟಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಬಾರದು ಎಂಬುದು ನನ್ನ ಇನ್ನೊಂದು ಹಟ. ಅದರ ಪ್ಲಸ್, ಮೈನಸ್ ಪಿನ್ನುಗಳೆಲ್ಲ ಒಳಗೆ ಒಂದೇ ಪಟ್ಟಿಗೆ ಸೇರಿರುತ್ತವೆ. ಯಾವ ಚಾನಲ್ಲಿಗೆ ಕರೆಂಟ್ ಕೊಟ್ಟರೂ ಎಲ್ಲಕ್ಕೂ ಹೋಗುತ್ತದೆ. ಅನುಕೂಲವೇ. ಆದರೆ ಏಳು ಸರ್ವೋಗಳ ಊಟ ಒಂದು ತೆಳು ಪಿನ್ನಿನ ಮೂಲಕ ಹೋಗಬೇಕಾಗುತ್ತದೆ. ಅದಕ್ಕೇ ಯುಬಿಇಸಿಯ ಔಟ್‌ಪುಟ್ಟನ್ನು ಎರಡಾಗಿ ಸೀಳಿದೆ. ಒಂದು ಕವಲು ರಿಸೀವರಿಗೆ, ಬಾಲದ ಎರಡು ಸರ್ವೋ ಮತ್ತು ಮೂತಿಚಕ್ರ ಅದರ ಪಾಲು. ಇನ್ನೊಂದು ದಪ್ಪ ಕವಲು ನೇರ ರೆಕ್ಕೆಯ ನಾಲ್ಕು ಸರ್ವೋಗಳಿಗೆ, ಅವಕ್ಕೆ ರಿಸೀವರಿನಿಂದ ಬರುವುದು ಸಿಗ್ನಲ್ ವೈರ್ ಮಾತ್ರ.

ವೈರಿನ ದಪ್ಪದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 26 ಗೇಜ್ ತಾಮ್ರದ ವೈರು ಮೀಟರಿಗೆ ಸುಮಾರು 0.13 ಓಮ್, 22 ಗೇಜಿನದು 0.05. ಅರವತ್ತು ಸೆಂಟಿಮೀಟರಿನ ಎಕ್ಸ್‌ಟೆನ್ಷನ್ ಎಂದರೆ ಹೋಗಿ ಬರುವ ದಾರಿ 1.2 ಮೀಟರ್. ತೆಳು ವೈರಿನಲ್ಲಿ ಎರಡು ಸರ್ವೋ ಜೋರಾಗಿ ಎಳೆದರೆ ಅಲ್ಲೇ 0.2 ವೋಲ್ಟ್ ಮಾಯ. ರೆಕ್ಕೆ ಉದ್ದವಾದಷ್ಟೂ ಇದು ಕಾಡುತ್ತದೆ.

ಕೆಲವರು ರಿಸೀವರಿಗೆ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಚುಚ್ಚಿ ನಿಶ್ಚಿಂತರಾಗುತ್ತಾರೆ. ಲೆಕ್ಕ ಮಾಡಿ ನೋಡಿ: 3 ಆಂಪಿಯರ್ ಎಳೆತಕ್ಕೆ ಅರ್ಧ ವೋಲ್ಟ್ ಕುಸಿಯುವಷ್ಟರಲ್ಲಿ ಅದು ತಾಳುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ. ಕ್ಷಣದ ಕುಲುಕಾಟ ತಗ್ಗಿಸಲು ಸರಿ, ಸಾಲದ ಬಿಇಸಿಯ ಕೊರತೆ ನೀಗಿಸಲು ಅಲ್ಲ. ನಾನು ಹಾಕಿದ್ದು ಬೇರೆ ಕಡೆ, ಇಎಸ್‌ಸಿಗಳ ಬ್ಯಾಟರಿ ಕಡೆಯ ವೈರಿಗೆ. ಇಎಸ್‌ಸಿಗಳು ಗಾಳಿ ಸಿಗಲೆಂದು ಮೋಟಾರಿನ ಹಿಂದೆ ಕೂತಿವೆ, ಹಾಗಾಗಿ ಬ್ಯಾಟರಿ ವೈರ್ ಉದ್ದವಾಗಿದೆ. ಉದ್ದ ವೈರಿನ ವೋಲ್ಟೇಜ್ ಏರಿಳಿತ ಇಎಸ್‌ಸಿಯ ಕೆಪಾಸಿಟರನ್ನು ಹಾಳುಮಾಡುತ್ತದೆ. ಒಂದೊಂದಕ್ಕೂ 35 ವೋಲ್ಟಿನ ಲೋ ಇಎಸ್‌ಆರ್ (ಒಳರೋಧ ಕಡಿಮೆಯಿರುವ) ಕೆಪಾಸಿಟರ್ ಬೆಸೆದಿದ್ದೇನೆ.

ಎಲ್ಲ ಜೋಡಿಸಿದ ಮೇಲೆ ಅಳತೆ. ಮಲ್ಟಿಮೀಟರನ್ನು ಮಿನ್-ಮ್ಯಾಕ್ಸ್‌ಗೆ (ಅತಿ ಕಡಿಮೆ, ಅತಿ ಹೆಚ್ಚು ಅಳತೆ ನೆನಪಿಡುವ ಕ್ರಮ) ಹಾಕಿ ರೆಕ್ಕೆತುದಿಯ ಏಲೆರಾನ್ ಸರ್ವೋದ ಪ್ಲಗ್ಗಿಗೇ ಹಿಡಿದೆ, ಏಕೆಂದರೆ ಅತಿ ದೂರದ ಸರ್ವೋ ಉಪವಾಸ ಬಿದ್ದಿದೆಯೇ ಎಂಬುದು ರಿಸೀವರಿನ ಬಳಿ ಗೊತ್ತಾಗುವುದಿಲ್ಲ. ಸ್ನೇಹಿತರೊಬ್ಬರು ಎರಡೂ ಫ್ಲಾಪನ್ನು ಬೆರಳಿಂದ ಒತ್ತಿ ಹಿಡಿದರು, ನಾನು ಸ್ಟಿಕ್ಕುಗಳನ್ನು ಮೂಲೆಯಿಂದ ಮೂಲೆಗೆ ಆಡಿಸಿದೆ. ಮೀಟರ್ 4.8ಕ್ಕಿಂತ ಕೆಳಗೆ ಇಳಿಯಲಿಲ್ಲ. ಕ್ಷಣಮಾತ್ರದ ಕುಸಿತಗಳನ್ನು ಮಲ್ಟಿಮೀಟರ್ ಹಿಡಿಯಲಾರದು, ಅದಕ್ಕೆ ಆಸಿಲೋಸ್ಕೋಪ್ ಬೇಕು. ಹಾರಾಟದಲ್ಲಿ ನನ್ನ ಟ್ರಾನ್ಸ್‌ಮಿಟರಿನ ಪರದೆಯ ಮೇಲೆ ರಿಸೀವರಿನ ವೋಲ್ಟೇಜ್ ಕಾಣುತ್ತದೆ, ಇಳಿದರೆ ಕೂಗುತ್ತದೆ.

ಆಮೇಲೆ ಎರಡೂ ಇಎಸ್‌ಸಿಯನ್ನು ಬ್ಯಾಟರಿಯಿಂದ ಕಳಚಿ, ಯುಬಿಇಸಿ ಮಾತ್ರ ಉಳಿಸಿ ನೋಡಿದೆ. ಸರ್ವೋಗಳು ಏಳೂ ಏನೂ ಆಗದಂತೆ ಓಡಾಡಿದವು. ಇನ್ನೊಂದು ಸ್ವತಂತ್ರ ಬ್ಯಾಟರಿ ಹಾಕಬಹುದಿತ್ತಲ್ಲ ಎಂದರೆ, ಹೌದು, ದೊಡ್ಡ ವಿಮಾನವಾದರೆ ಹಾಕುತ್ತಿದ್ದೆ. ಎರಡು ಕಿಲೋ ಆಸುಪಾಸಿನ ಫೋಮ್ ವಿಮಾನಕ್ಕೆ ಆ ತೂಕವೂ, ಇನ್ನಷ್ಟು ಕನೆಕ್ಟರುಗಳೂ ಬೇಡವೆನಿಸಿತು. ಕೊನೆಗೆ ಉಳಿದದ್ದು ಇಎಸ್‌ಸಿಗಳ ಲೋ ವೋಲ್ಟೇಜ್ ಸೆಟ್ಟಿಂಗ್, ಅಂದರೆ ಬ್ಯಾಟರಿ ಇಳಿದಾಗ ಮೋಟಾರನ್ನು ಏನು ಮಾಡಬೇಕೆಂಬುದು. ಎರಡನ್ನೂ ಒಂದೇ ವೋಲ್ಟೇಜಿಗೆ, "ಪೂರ್ತಿ ನಿಲ್ಲಿಸು" ಬದಲು "ಶಕ್ತಿ ತಗ್ಗಿಸು" ಎಂಬುದಕ್ಕೆ ಹಾಕಿದ್ದೇನೆ. ಇಲ್ಲದಿದ್ದರೆ ಬ್ಯಾಟರಿ ಇಳಿದಾಗ ಒಂದು ಮೋಟಾರು ಇನ್ನೊಂದಕ್ಕಿಂತ ಮುಂಚೆ ನಿಲ್ಲುತ್ತದೆ.